ಅಣೆಕಟ್ಟೆ ಬಿಡಿ, ಹಿನ್ನೀರಿನ ತುದಿಗೆ ಬನ್ನಿ

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದಿರಿ. ಮಕ್ಕಳನ್ನು ಎಬ್ಬಿಸಿ, ಫ್ಲಾಸ್ಕಿಗೆ ಕಾಫಿ ತುಂಬಿಸಿ, ಹೊಸ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಡ್ಯಾಮಿಗೆ ಹೋದಿರಿ. ಅಲ್ಲಿ ಕಂಡದ್ದೇನು? ಕಣ್ಣು ಹಾಯುವಷ್ಟು ನೀರು. ನಾಲ್ಕು ಬೆಳ್ಳಕ್ಕಿ. ಕಲ್ಲಿನ ಮೇಲೆ ರೆಕ್ಕೆ ಒಣಗಿಸುತ್ತ ಕೂತ ಒಂದು ನೀರುಕಾಗೆ. ದೂರದಲ್ಲಿ ಬಾತೋ ತೇಲುವ ಬಾಟಲಿಯೋ ತಿಳಿಯದ ಹತ್ತಿಪ್ಪತ್ತು ಕಪ್ಪು ಚುಕ್ಕೆ. ಒಂಬತ್ತಕ್ಕೆ ಬಿಸಿಲೇರಿತು, ಮಕ್ಕಳು ಇಡ್ಲಿ ಹೋಟೆಲ್ ಎಲ್ಲಿ ಅಂದರು, ಮನೆಗೆ ಬಂದಿರಿ. ಬೈನಾಕ್ಯುಲರ್ ಬೀರು ಸೇರಿತು.

ನನಗೂ ಮೊದಲ ಎರಡು ವರ್ಷ ಹೀಗೇ ಆಗುತ್ತಿತ್ತು. ತಪ್ಪು ತಿದ್ದಿದವರು ಹೇಮಾವತಿ ಹಿನ್ನೀರಿನಲ್ಲಿ ಬಲೆ ಎಳೆಯುತ್ತಿದ್ದ ಒಬ್ಬ ವಯಸ್ಸಾದ ಮೀನುಗಾರರು. ನಾನು ಏರುದಂಡೆಯ ಮೇಲೆ ನಿಂತು ನಡುನೀರಿಗೆ ದುರ್ಬೀನು ಹಿಡಿದಿದ್ದೆ. ಅವರು ತೆಪ್ಪದಿಂದಲೇ ಕೂಗಿ ಕೇಳಿದರು:

"ಅಲ್ಲೇನ್ ನೋಡ್ತೀರ ಸಾ?"

"ಹಕ್ಕಿ ನೋಡೋಕೆ ಬಂದೆ, ಯಜಮಾನ್ರೇ."

"ಅಯ್ಯೋ, ಆಳ್ದಾಗೆ ಹಕ್ಕಿಗೇನ್ ಕೆಲ್ಸ? ದನ ಮೇಯ್ತಾವಲ್ಲ, ಆ ತುದೀಗ್ ಹೋಗಿ. ನೀರು ಹಿಂದಕ್ಕೆ ಸರೀತಿರೋ ಕಡೆ ಕೂತ್ಕಳಿ. ಅವೇ ಬತ್ತವೆ."

ಈ ಲೇಖನದಲ್ಲಿರುವುದೆಲ್ಲ ಹೆಚ್ಚುಕಡಿಮೆ ಆ ಮಾತಿನ ವಿಸ್ತರಣೆ.

ಫೆಬ್ರವರಿ, ಮಾರ್ಚ್ ತಿಂಗಳುಗಳೇ ಯಾಕೆ

ಪಂಚಾಂಗದ ಪ್ರಕಾರ ವಸಂತ ಯುಗಾದಿಗೆ ಬರುತ್ತದೆ. ಮಲೆನಾಡಿನ ಸೆರಗಿನ ಜಲಾಶಯಗಳಲ್ಲಿ ಅದು ಶಿವರಾತ್ರಿಯ ಹೊತ್ತಿಗೇ ಕಾಲಿಟ್ಟಿರುತ್ತದೆ. ಬೂರುಗ, ಮುತ್ತುಗ ಎಲೆ ಉದುರಿಸಿ ಹೂ ಹೊತ್ತಿರುತ್ತವೆ, ಮಾವು ಚಿಗುರಿರುತ್ತದೆ. ಹಕ್ಕಿಯವರಿಗೆ ಇದು ಎರಡು ಕಾಲಗಳು ಒಂದರ ಮೇಲೊಂದು ಹಾಯುವ ಹೊತ್ತು. ಚಳಿಗಾಲಕ್ಕೆ ಉತ್ತರದಿಂದ ಬಂದ ಬಾತು, ಗದ್ದೆಗೊರವ, ಸಿಪಿಲೆಗಳು ಇನ್ನೂ ಹೊರಟಿರುವುದಿಲ್ಲ. ಇಲ್ಲಿಯವೇ ಆದ ರೀವ, ಟಿಟ್ಟಿಭಗಳು ಆಗಲೇ ಜೋಡಿ ಕಟ್ಟಿ ಗೂಡಿನ ಜಾಗ ಹುಡುಕುತ್ತಿರುತ್ತವೆ. ಡಿಸೆಂಬರಿನಲ್ಲಿ ಹೋದರೆ ಎರಡನೆಯದು ಸಿಗುವುದಿಲ್ಲ, ಏಪ್ರಿಲ್ ಕೊನೆಗೆ ಹೋದರೆ ಮೊದಲನೆಯದು.

ಹಕ್ಕಿಗಳ ಉಡುಪು ಬದಲಾಗುವುದೂ ಇದೇ ಸಮಯದಲ್ಲಿ. ನವೆಂಬರಿನಲ್ಲಿ ಮಾಸಲು ಬಣ್ಣದಲ್ಲಿ ಬಂದಿದ್ದ ಹಳದಿ ಸಿಪಿಲೆಯ ಹೊಟ್ಟೆ ಮಾರ್ಚಿಗೆ ಅರಿಶಿನ ಬಳಿದ ಹಾಗಾಗುತ್ತದೆ. ದನದ ಹಿಂದೆ ಓಡಾಡುವ ಗೋವಕ್ಕಿಯ ತಲೆ, ಕುತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗಲು ಶುರುವಾಗುತ್ತದೆ. ಹೊಸಬರಿಗೆ ಗುರುತು ಹಿಡಿಯಲು ಇದಕ್ಕಿಂತ ಸುಲಭದ ಕಾಲವಿಲ್ಲ.

ನೀರು ಇಳಿದಷ್ಟೂ ಹಕ್ಕಿ

ಅಣೆಕಟ್ಟೆಯ ಬಳಿ ಹಕ್ಕಿ ಯಾಕೆ ಕಡಿಮೆ ಎಂಬುದು ಒಮ್ಮೆ ಗೊತ್ತಾದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ. ಕಟ್ಟೆ ಇರುವುದು ಕಣಿವೆ ಕಿರಿದಾದ, ದಡ ಕಡಿದಾದ ಜಾಗದಲ್ಲಿ. ಅಲ್ಲಿ ನೀರು ಆಳ. ಮುಳುಗಿ ಮೀನು ಹಿಡಿಯುವ ನೀರುಕಾಗೆ, ಹಾವಕ್ಕಿಗಳನ್ನು ಬಿಟ್ಟರೆ ಬೇರೆ ಯಾವ ಹಕ್ಕಿಗೂ ತಳ ಎಟುಕುವುದಿಲ್ಲ. ಹೊಳೆ ಬಂದು ಜಲಾಶಯ ಸೇರುವ ತುದಿಯಲ್ಲಿ ನೆಲ ತಟ್ಟೆಯ ಹಾಗೆ ಹರಡಿರುತ್ತದೆ.

ಲೆಕ್ಕ ಸರಳ. ದಡದ ಇಳಿಜಾರು ನೂರು ಅಡಿಗೆ ಒಂದು ಅಡಿ ಇದ್ದರೆ, ನೀರು ಒಂದಡಿ ಇಳಿದಾಗ ನೂರು ಅಡಿ ಅಗಲದ ಹಸಿ ಕೆಸರು ಮೇಲೆ ಬರುತ್ತದೆ. ಕಟ್ಟೆಯ ಪಕ್ಕದ ಕಡಿದಾದ ದಡದಲ್ಲಿ ಅದೇ ಒಂದಡಿಗೆ ಎರಡು ಅಡಿ ಕಲ್ಲು ಕಂಡರೆ ಹೆಚ್ಚು. ಆ ಹಸಿ ಕೆಸರಿನಲ್ಲಿ ಹುಳು, ಶಂಖದ ಹುಳ, ನೀರು ಬಿಟ್ಟುಹೋದ ಗುಂಡಿಗಳಲ್ಲಿ ಸಿಕ್ಕಿಕೊಂಡ ಮೀನುಮರಿ ಎಲ್ಲ ಇರುತ್ತವೆ. ಬೇಸಿಗೆ ಪೂರ್ತಿ ಕಾಲುವೆಗೆ ನೀರು ಬಿಡುವುದರಿಂದ ದಿನವೂ ಹೊಸ ಪಟ್ಟಿ ತೆರೆದುಕೊಳ್ಳುತ್ತದೆ. ಹಕ್ಕಿಗಳಿಗೆ ದಿನವೂ ಹೊಸ ಎಲೆ ಹಾಕಿದ ಹಾಗೆ.

ಪಂಕ್ತಿಯ ಊಟದಂತೆ ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಪೂರಾ ಒಣಗಿ ಗರಿಕೆ ಚಿಗುರಿದ ಮೇಲಿನ ಪಟ್ಟಿಯಲ್ಲಿ ನೆಲಗುಬ್ಬಿ, ಪಿಪಿಳೀಕ, ಟಿಟ್ಟಿಭ. ಕಾಲು ಹೂಳದಷ್ಟು ಬಿಗಿಯಾದ ಹಸಿ ನೆಲದಲ್ಲಿ ಸಿಪಿಲೆ ಮತ್ತು ಕಣ್ಣ ಸುತ್ತ ಹಳದಿ ಉಂಗುರ ತೊಟ್ಟ ಪುಟ್ಟ ಪ್ಲವರ್. ನೀರಿನಂಚಿನ ಕೆಸರಿನಲ್ಲಿ ಗದ್ದೆಗೊರವಗಳು. ಪಾದ ಮುಳುಗುವಷ್ಟು ನೀರಿನಲ್ಲಿ ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ. ಇನ್ನೂ ಸ್ವಲ್ಪ ಒಳಗೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು. ಅದರಾಚೆ ವರಟೆ, ಗುಳುಮುಳುಕ. ಮೇಲೆ ಆಕಾಶದಲ್ಲಿ ರೀವ, ಗರುಡ. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಅದು ಯಾವ ಸಾಲಿನಲ್ಲಿ ಕೂತಿದೆ ಎಂದು ಬರೆದುಕೊಂಡರೆ ಅರ್ಧ ಗುರುತು ಸಿಕ್ಕಂತೆ.

ಆದ್ದರಿಂದ ಹೊರಡುವ ಮುಂಚೆ ನೋಡಬೇಕಾದ್ದು ಪತ್ರಿಕೆಯ ಜಲಾಶಯದ ಮಟ್ಟದ ಅಂಕಣ. ಮಳೆಗಾಲದಲ್ಲಿ ಎಲ್ಲರೂ ಓದುವ, ಬೇಸಿಗೆಯಲ್ಲಿ ಯಾರೂ ತಿರುಗಿ ನೋಡದ ಆ ಪುಟ್ಟ ಚೌಕ ಹಕ್ಕಿ ನೋಡುವವರಿಗೆ ಮುಹೂರ್ತದ ಪಟ್ಟಿ ಇದ್ದಂತೆ. ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ, ಲಿಂಗನಮಕ್ಕಿಯದು 1,819 ಅಡಿ. ಇವು ಸಮುದ್ರ ಮಟ್ಟದಿಂದ ಎಣಿಸಿದವು. ಭದ್ರಾದ 186 ಅಡಿ ಹಾಗಲ್ಲ, ಅದು ಕಟ್ಟೆಯ ಬಳಿಯ ಅಳತೆ. ಹೇಗೆ ಎಣಿಸಿದರೇನು, ಈ ಭಾನುವಾರಕ್ಕೂ ಕಳೆದ ಭಾನುವಾರಕ್ಕೂ ಎಷ್ಟು ವ್ಯತ್ಯಾಸ ಎಂಬುದಷ್ಟೇ ನಮಗೆ ಬೇಕು. ನೀರು ನಿಧಾನವಾಗಿ, ಬಿಡದೆ ಇಳಿಯುತ್ತಿದ್ದರೆ ಹೊರಡಿ. ಹೊರಹರಿವು ನಿಲ್ಲಿಸಿ ವಾರಗಟ್ಟಲೆ ಮಟ್ಟ ಅಲ್ಲಾಡದಿದ್ದರೆ ಅಂಚಿನ ಕೆಸರು ಒಣಗಿ ಬಿರುಕು ಬಿಟ್ಟಿರುತ್ತದೆ, ಹಕ್ಕಿಗಳು ಬೇರೆ ಕೆರೆಗೆ ಹೋಗಿರುತ್ತವೆ.

ಜೋಳಿಗೆಯಲ್ಲಿ ಏನಿರಬೇಕು

ಬೈನಾಕ್ಯುಲರ್ ಕೊಳ್ಳುವಾಗ 8x42 ಎಂದು ಬರೆದಿರುವುದನ್ನು ಕೇಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಐದರ ಆಸುಪಾಸು ಬರಬೇಕು. ಆಗ ಮಬ್ಬು ಬೆಳಕಿನಲ್ಲೂ ಚಿತ್ರ ತಿಳಿಯಾಗಿರುತ್ತದೆ. ಜಾತ್ರೆಯಲ್ಲಿ ಸಿಗುವ 30x22ರಂಥವಕ್ಕೆ ದುಡ್ಡು ಹಾಕಬೇಡಿ. ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ.

ಕೊಂಡವರಲ್ಲಿ ಎಷ್ಟೋ ಜನ ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡೇ ಇರುವುದಿಲ್ಲ. ಬಲಗಡೆ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ದೂರದ ಒಂದು ಬೋರ್ಡನ್ನು ನೋಡುತ್ತ ನಡುವಿನ ಚಕ್ರ ತಿರುಗಿಸಿ, ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗುವಂತೆ ಮಾಡಿ. ಈಗ ಎಡಗಡೆ ಮುಚ್ಚಿ. ಚಕ್ರ ಮುಟ್ಟಬೇಡಿ, ಬಲಗಣ್ಣಿನ ಬಳಿಯ ಉಂಗುರವನ್ನು ಮಾತ್ರ ತಿರುಗಿಸಿ. ಇಷ್ಟಾದ ಮೇಲೆ ಆ ಉಂಗುರದ ಮೇಲೊಂದು ಗುರುತು ಹಾಕಿಡಿ. ಕನ್ನಡಕದವರು ಕಣ್ಣಿಗೆ ತಾಗುವ ರಬ್ಬರ್ ಬಟ್ಟಲನ್ನು ಒಳಕ್ಕೆ ಮಡಚಿಕೊಂಡರೆ ಸುತ್ತಲಿನ ಕಪ್ಪು ಹೋಗುತ್ತದೆ.

ಮಿಕ್ಕಿದ್ದಕ್ಕೆ ಪಟ್ಟಿ ಬೇಕಿಲ್ಲ. ಕೂರಲು ಒಂದು ಗೋಣಿಚೀಲ, ನೀರು, ಟೋಪಿ, ಜೇಬಿಗೆ ಹಿಡಿಯುವ ನೋಟ್‌ಬುಕ್ಕು, ಪೆನ್ಸಿಲ್. ಪೆನ್ನಾದರೆ ಮಂಜಿನಲ್ಲಿ ಕಾಗದ ತೇವವಾದಾಗ ಬರೆಯುವುದಿಲ್ಲ. ಹೆಸರು ಹುಡುಕಲು ತೇಜಸ್ವಿಯವರ 'ಹಕ್ಕಿಪುಕ್ಕ' ಮನೆಯಲ್ಲಿರಲಿ, ಕೈಯಲ್ಲಿ ಬೇಡ. ದಡದಲ್ಲಿ ಪುಸ್ತಕ ತೆರೆದರೆ ಕಣ್ಣು ಹಕ್ಕಿಯನ್ನು ಬಿಟ್ಟು ಚಿತ್ರವನ್ನು ನೋಡುತ್ತದೆ, ತಲೆ ಎತ್ತುವಷ್ಟರಲ್ಲಿ ಹಕ್ಕಿ ಇರುವುದಿಲ್ಲ.

ಬೆಳಗಿನ ಮೂರು ತಾಸು

1. ಜಾಗವನ್ನು ಹಿಂದಿನ ದಿನವೇ ನೋಡಿಡಿ. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಜಲಾಶಯದ ಬೆರಳುಗಳಂತೆ ಚಾಚಿದ ತುದಿಗಳನ್ನು ಹುಡುಕಿ. ಹಳ್ಳ ಬಂದು ಸೇರುವ, ಸುತ್ತ ಹೊಲಗದ್ದೆ ಇರುವ, ದನಗಳ ಕಾಲುದಾರಿ ಇರುವ ತುದಿ ಒಳ್ಳೆಯದು. ಹಾಸನದ ಕಡೆಯವರಾದರೆ ಶೆಟ್ಟಿಹಳ್ಳಿಯ ಹಳೇ ಚರ್ಚು ನಿಮಗೆ ಗೊತ್ತೇ ಇರುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಹೇಮಾವತಿಗೆ ಗೊರೂರು ಅಣೆಕಟ್ಟೆ ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಗೆ ನೆಲದ ಮೇಲೆ ನಿಲ್ಲುವ ಚರ್ಚು. ನೀರು ಅದರ ಗೋಡೆ ಬಿಟ್ಟು ಹಿಂದೆ ಸರಿಯುತ್ತಿದೆ ಎಂದರೆ ಆಸುಪಾಸಿನ ಹಿನ್ನೀರಿನ ಕೆಸರು ತೆರೆದಿದೆ ಎಂದೇ ಲೆಕ್ಕ. ಚರ್ಚಿನ ಬಳಿಯೇ ಕೂರಬೇಡಿ, ಫೋಟೊ ತೆಗೆಸಿಕೊಳ್ಳುವವರು ಏಳೂವರೆಗೆಲ್ಲ ಬರುತ್ತಾರೆ.

2. ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಿಗ್ಗೆ ಪೂರ್ವದ ದಡದಲ್ಲಿ ಕೂತು ಪಶ್ಚಿಮಕ್ಕೆ ನೋಡಬೇಕು. ಎದುರು ಬೆಳಕಿಗೆ ಗರುಡವೂ ಕಪ್ಪು, ಕಾಗೆಯೂ ಕಪ್ಪು. ಮೊದಲು ಹೇಳಿದ ಆ ಕಪ್ಪು ಚುಕ್ಕೆಗಳ ಗುಟ್ಟು ಬಹುಮಟ್ಟಿಗೆ ಇಷ್ಟೇ.

3. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಕೂತಿರಿ. ಫೆಬ್ರವರಿ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.40ರ ಸುಮಾರಿಗೆ, ಯುಗಾದಿಯ ಹೊತ್ತಿಗೆ 6.30ಕ್ಕೆ. ಕತ್ತಲಿನಲ್ಲೇ ಕೂತವರನ್ನು ಹಕ್ಕಿಗಳು ದಡದ ಒಂದು ಬೊಡ್ಡೆ ಎಂದು ಒಪ್ಪಿಕೊಳ್ಳುತ್ತವೆ. ಬೆಳಕಾದ ಮೇಲೆ ನಡೆದು ಬಂದವರು ಮನುಷ್ಯರಾಗಿಯೇ ಉಳಿಯುತ್ತಾರೆ.

4. ಆಕಾಶಕ್ಕೆ ಎದುರಾಗಿ ನಿಲ್ಲಬೇಡಿ. ಏರಿಯ ಮೇಲೆ, ದಿಬ್ಬದ ತಲೆಯ ಮೇಲೆ ನಿಂತ ಮನುಷ್ಯ ಒಂದು ಮೈಲಿಗೆ ಕಾಣುತ್ತಾನೆ. ಒಂದು ಪೊದೆಯನ್ನೋ ಮಣ್ಣಿನ ಬದುವನ್ನೋ ಬೆನ್ನಿಗೆ ಕೊಟ್ಟು ಕೂತುಬಿಡಿ. ಬಟ್ಟೆಯ ಬಣ್ಣ ಮಣ್ಣಿನದೋ ಎಲೆಯದೋ ಇದ್ದರೆ ಸಾಕು. ಸೈನಿಕರ ಉಡುಪು ಬೇಡ. ಅಲುಗಾಡದಿರುವುದು ಬಣ್ಣಕ್ಕಿಂತ ದೊಡ್ಡದು. ಬಿಳಿ ಶರ್ಟೊಂದನ್ನು ಮಾತ್ರ ದಯವಿಟ್ಟು ಬಿಟ್ಟು ಬನ್ನಿ.

5. ಮೊದಲ ಹದಿನೈದು ನಿಮಿಷ ದುರ್ಬೀನು ಮುಟ್ಟಬೇಡಿ, ಕಿವಿಗೆ ಬಿಡಿ. ಕಂಚುಗಾರ ಹಕ್ಕಿಯ ಟಂಕ್ ಟಂಕ್, ಟಿಟ್ಟಿಭದ ತಕರಾರು, ನೀರಿನ ಮೇಲಿಂದ ಬರುವ ಗುಳುಮುಳುಕದ ಉರುಳು ನಗೆ ಕಿವಿಗೆ ಬೀಳುತ್ತವೆ. ಯಾವ ದಿಕ್ಕಿನಲ್ಲಿ ಏನಿದೆ ಎಂಬ ನಕ್ಷೆ ಬೆಳಕು ಬರುವ ಮೊದಲೇ ತಲೆಯಲ್ಲಿ ಮೂಡುತ್ತದೆ.

6. ಆಮೇಲೆ ಓದುವ ಹಾಗೆ ನೋಡಿ. ನೀರಿನಂಚನ್ನು ಎಡದಿಂದ ಬಲಕ್ಕೆ ಒಂದು ಸಾಲು, ಅದರ ಹಿಂದಿನ ಕೆಸರು ಇನ್ನೊಂದು ಸಾಲು, ತೆರೆದ ನೀರು ಮತ್ತೊಂದು. ಮುಳುಗಿದ ಮರಗಳ ಬೊಡ್ಡೆಗಳನ್ನು ಒಂದೊಂದಾಗಿ ನೋಡಿ, ಹಾವಕ್ಕಿ, ಮಿಂಚುಳ್ಳಿಗಳು ಕೂರುವುದು ಅಲ್ಲೇ. ಹಕ್ಕಿ ಬರಿಗಣ್ಣಿಗೆ ಸಿಕ್ಕಿದರೆ ದೃಷ್ಟಿ ಕದಲಿಸದೆ ದುರ್ಬೀನನ್ನೇ ಕಣ್ಣಿಗೆ ತನ್ನಿ. ತಲೆ ಬಗ್ಗಿಸಿ ದುರ್ಬೀನು ನೋಡಿ ಮತ್ತೆ ಎತ್ತಿದರೆ ಹಕ್ಕಿ ಕಳೆದುಹೋಗುತ್ತದೆ. ಜೊತೆಯವರಿಗೆ ತೋರಿಸಲು ಕೈ ಚಾಚಬೇಡಿ. ಎದುರಿನ ಬೊಡ್ಡೆಯನ್ನು ಹನ್ನೆರಡು ಗಂಟೆ ಎಂದಿಟ್ಟುಕೊಂಡು 'ಹತ್ತು ಗಂಟೆ ದಿಕ್ಕು, ಎರಡನೇ ಕೆಸರಿನ ನಾಲಿಗೆ' ಎಂದು ಪಿಸುಗುಟ್ಟಿದರೆ ಸಾಕು.

7. ಏಳರಿಂದ ಎಂಟರವರೆಗೆ ಆಗಾಗ ತಲೆ ಎತ್ತಿ. ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ನೀರಿನಲ್ಲಿ ವಿಶ್ರಮಿಸುವ ಹಕ್ಕಿಗಳು. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೋ ಮೈಸೂರು ಕಡೆಯ ಹದಿನಾರು ಕೆರೆಯಲ್ಲೋ ಇದ್ದರೆ ಅವು ಗುಂಪು ಗುಂಪಾಗಿ ಹಿಂತಿರುಗುವುದನ್ನು ಈ ಹೊತ್ತಿನಲ್ಲಿ ಕಾಣಬಹುದು. ಹಿಮಾಲಯ ದಾಟಿ ಬರುವ ಈ ಹೆಬ್ಬಾತುಗಳಲ್ಲಿ ಕೆಲವಕ್ಕೆ ಮಂಗೋಲಿಯಾದಲ್ಲಿ ಕೊರಳಿಗೆ ಅಕ್ಷರವಿರುವ ಪಟ್ಟಿ ಹಾಕಿರುತ್ತಾರೆ. ಕಂಡರೆ ಪಟ್ಟಿಯ ಬಣ್ಣ, ಅಕ್ಷರ, ಅಂಕಿ ಬರೆದುಕೊಳ್ಳಿ. ನಿಮ್ಮ ಆ ಒಂದು ಸಾಲು ಹಕ್ಕಿಯ ಪ್ರಯಾಣದ ದಾಖಲೆಗೆ ಸೇರುತ್ತದೆ.

8. ಒಂಬತ್ತಕ್ಕೆ ಎದ್ದುಬಿಡಿ. ನೆಲ ಕಾದು ನೀರಿನ ಮೇಲೆ ಗಾಳಿ ಕುಣಿಯತೊಡಗಿದರೆ ಎಷ್ಟು ಬೆಲೆಯ ದುರ್ಬೀನಿನಲ್ಲೂ ಎಲ್ಲ ಹಕ್ಕಿಯೂ ನಡುಗುತ್ತದೆ. ಒಂದು ಕಾರಣಕ್ಕೆ ಮಾತ್ರ ಇನ್ನಷ್ಟು ಹೊತ್ತು ಇರಬಹುದು: ನೆಲ ಕಾದ ಮೇಲೆಯೇ ಹದ್ದುಗಳು ಬಿಸಿಗಾಳಿ ಹಿಡಿದು ಮೇಲೇರುತ್ತವೆ.

ಹೆಸರಿಗೆ ಮೊದಲು ಅಳತೆ

'ಕಂದು ಬಣ್ಣದ ಹಕ್ಕಿ, ಕೊಕ್ಕು ಉದ್ದ' ಎಂದು ಬರೆದುಕೊಂಡರೆ ಮನೆಯಲ್ಲಿ ಹದಿನೈದು ಚಿತ್ರ ಅದಕ್ಕೆ ಹೊಂದುತ್ತವೆ. ಮೊದಲು ಗಾತ್ರ ಬರೆಯಿರಿ. ಗುಬ್ಬಿ, ಗೊರವಂಕ, ಕಾಗೆ, ಹದ್ದು ಈ ನಾಲ್ಕು ಅಳತೆಗೋಲು ಸಾಕು. ಆಮೇಲೆ ಅದೇನು ಮಾಡುತ್ತಿತ್ತು ಎಂಬುದು, ಆಮೇಲೆ ಕಾಲು, ಕೊಕ್ಕು. ಬಣ್ಣ ಕೊನೆಗೆ.

ನೀರಿನಂಚಿನ ಗದ್ದೆಗೊರವಗಳು ಹೊಸಬರನ್ನು ಹೆದರಿಸುತ್ತವೆ. ಮೂರನ್ನು ಕಲಿತರೆ ಮೊದಲ ವರ್ಷಕ್ಕೆ ಸಾಕು. ಒಂಟಿಯಾಗಿ ಓಡಾಡುತ್ತ ಸದಾ ಹಿಂಭಾಗ ಕುಣಿಸುವ, ಎದೆಯ ಬಿಳಿ ಹೆಗಲ ಕಡೆಗೆ ಒಂದು ಕೊಂಡಿಯಂತೆ ಮೇಲೇರಿದ ಹಕ್ಕಿ ಸಾಮಾನ್ಯ ಗದ್ದೆಗೊರವ. ಎಬ್ಬಿಸಿದರೆ ರೆಕ್ಕೆ ಬಿಗಿಹಿಡಿದು ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಹಾರುತ್ತದೆ. ಬೆನ್ನ ಮೇಲೆ ರವೆ ಚೆಲ್ಲಿದಂತೆ ಚುಕ್ಕಿ, ಹಳದಿ ಮಿಶ್ರಿತ ಹಸಿರು ಕಾಲು ಇದ್ದರೆ ಅದು ಚುಕ್ಕಿಯ ವುಡ್ ಸ್ಯಾಂಡ್‌ಪೈಪರ್. ಗುಬ್ಬಿಯಷ್ಟೇ ಇದ್ದು, ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಆಡಿಸುತ್ತ ಗುಂಪಾಗಿ ಓಡುವವು ಸ್ಟಿಂಟ್‌ಗಳು. ಮಿಕ್ಕವನ್ನು 'ಗದ್ದೆಗೊರವ, ಯಾವುದೋ' ಎಂದು ಬರೆಯಲು ನಾಚಿಕೆ ಬೇಡ. ನಾನು ಈಗಲೂ ಬರೆಯುತ್ತೇನೆ.

ರೀವಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಈ ಕಾಲದ ಜಲಾಶಯದ ಒಡೆಯರು ಅವೇ. ಹೊಳೆ ರೀವ ಬೂದುಬೆಳ್ಳಿ ಮೈಯ, ಕತ್ತರಿಯಂತೆ ಸೀಳಿದ ಉದ್ದ ಬಾಲದ ಹಕ್ಕಿ. ಫೆಬ್ರವರಿಯಲ್ಲಿ ತಲೆಗೆ ಕರಿ ಟೋಪಿ, ಕೊಕ್ಕು ಅಚ್ಚ ಹಳದಿ. ನೀರಿನ ಮೇಲೆ ತಲೆ ಬಗ್ಗಿಸಿಕೊಂಡು ಹಾರುತ್ತ, ಒಂದು ಕ್ಷಣ ಗಾಳಿಯಲ್ಲಿ ನಿಂತು ಧುಮುಕುತ್ತದೆ. ಈ ದಿನಗಳಲ್ಲಿ ಗಂಡು ಹಿಡಿದ ಮೀನನ್ನು ತಾನು ತಿನ್ನದೆ ಕೊಕ್ಕಿನಲ್ಲಿ ಅಡ್ಡ ಹಿಡಿದು ಹೆಣ್ಣಿನ ಮುಂದೆ ಕುತ್ತಿಗೆ ನೀಟಿ ನಡೆಯುವುದನ್ನು ನೋಡಲು ಸಿಕ್ಕಿದರೆ ಬಂದದ್ದು ಸಾರ್ಥಕ. ಅದೇ ನೀರಿನ ಮೇಲೆ ಗಿಡ್ಡ ಬಾಲದ, ಕಪ್ಪು ಕೊಕ್ಕಿನ, ಕಣ್ಣಿನ ಹಿಂದೆ ಕಾಡಿಗೆ ತೀಡಿದಂಥ ಸಣ್ಣ ರೀವ ಕಂಡರೆ ಅದು ಬೇರೆ, ಚಳಿಗಾಲದ ಅತಿಥಿ ಮೀಸೆ ರೀವ. ಹೊಳೆ ರೀವಗಳು ಭದ್ರಾ ಜಲಾಶಯದ ನೀರು ಇಳಿದಾಗ ತಲೆ ಎತ್ತುವ ನಡುಗಡ್ಡೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಲಕ್ಕವಳ್ಳಿಯಿಂದ ದೋಣಿಯಲ್ಲಿ ಹೋಗಿ ದೂರದಿಂದ ನೋಡಬಹುದು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಹೊಳೆ ರೀವ ಈಗ ಅಪಾಯಕ್ಕೆ ಈಡಾಗಬಲ್ಲ ಹಕ್ಕಿಗಳ ಸಾಲಿನಲ್ಲಿದೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ಹೊಳೆಯ ಮರಳು ಹೋದರೆ ಉಳಿಯುವುದು ಇಂಥ ನಡುಗಡ್ಡೆಗಳೇ.

ಮೊಬೈಲಿನ ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ. ಅದನ್ನು ಸಲಹೆ ಎಂದು ತೆಗೆದುಕೊಳ್ಳಿ, ತೀರ್ಪು ಎಂದಲ್ಲ. ಗಾಳಿ ಬೀಸಿದರೆ ಅದಕ್ಕೂ ಗೊಂದಲ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯುವ ಕೆಲಸ ಮಾತ್ರ ಬೇಡವೇ ಬೇಡ. ಗೂಡಿನ ಕಾಲದಲ್ಲಿ ಆ ಹಕ್ಕಿ ಇಲ್ಲದ ಎದುರಾಳಿಯನ್ನು ಹುಡುಕುತ್ತ ಹೊತ್ತು ಕಳೆಯುತ್ತದೆ.

ನನ್ನ ಚೀಲದ ಪಕ್ಕದ ನಾಲ್ಕು ಮೊಟ್ಟೆ

ಒಂದು ಮಾರ್ಚಿನಲ್ಲಿ ಒಳ್ಳೆಯ ಜಾಗ ಸಿಕ್ಕಿತೆಂದು ಕೂತೆ. ಕೂತ ಗಳಿಗೆಯಿಂದ ಒಂದು ಜೋಡಿ ಟಿಟ್ಟಿಭ ನನ್ನ ತಲೆಯ ಮೇಲೆ ಸುತ್ತುತ್ತ ಅರಚಿದವು. ಟಿಟ್ಟಿಭ ಅರಚುವುದು ಅದರ ಜಾಯಮಾನ, ತಾನೇ ಸುಮ್ಮನಾಗುತ್ತದೆ ಎಂದುಕೊಂಡೆ. ಹತ್ತು ನಿಮಿಷವಾದರೂ ನಿಲ್ಲಿಸಲಿಲ್ಲ. ಒಂದು ಹಕ್ಕಿ ನೀರಿಗಿಳಿದು ಎದೆಗರಿ ನೆನೆಸಿಕೊಂಡು ಬಂದು, ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಕತ್ತು ಕುಕ್ಕುತ್ತ ನೋಡಿತು. ಮತ್ತೆ ಹಾರಿತು, ಮತ್ತೆ ನೆನೆದು ಬಂದಿತು. ಆಗ ಹೊಳೆದು ಬಗ್ಗಿ ನೋಡಿದೆ. ನನ್ನ ಚೀಲದಿಂದ ಒಂದು ಮೊಳ ದೂರದಲ್ಲಿ, ಬರೀ ನೆಲದ ಮೇಲೆ, ನಾಲ್ಕು ಮೊಟ್ಟೆ. ಒಣ ಕೆಸರಿನದೇ ಬಣ್ಣ, ಮೇಲೆ ಮಸಿ ಸಿಡಿದಂಥ ಕಲೆ, ಚೂಪು ತುದಿ ನಾಲ್ಕೂ ಒಳಕ್ಕೆ ಮುಖಮಾಡಿ ಜೋಡಿಸಿದ್ದವು. ಸುತ್ತ ಕಟ್ಟಿದ್ದು ಒಂದಷ್ಟು ಹರಳುಕಲ್ಲು, ಆಡಿನ ಹಿಕ್ಕೆ. ಒದ್ದೆ ಎದೆ ಮೊಟ್ಟೆ ತಂಪು ಮಾಡುವುದಕ್ಕೆ. ನಾನು ಕೂತಿದ್ದಷ್ಟು ಹೊತ್ತೂ ಅವು ಬಿಸಿಲಿನಲ್ಲಿ ಬೇಯುತ್ತಿದ್ದವು.

ಆದ್ದರಿಂದ ಈ ಕಾಲದ ಮೊದಲ ನಿಯಮ: ಒಂದು ಹಕ್ಕಿ ನಿಮ್ಮನ್ನು ಬಿಡದೆ ಬೈಯುತ್ತಿದ್ದರೆ ಅದು ಸರಿ, ನೀವು ತಪ್ಪು. ಬಂದ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ವಾಪಸಾಗಿ, ಯಾಕೆಂದರೆ ಪಕ್ಕದಲ್ಲಿ ಇನ್ನೊಂದು ಗೂಡಿರಬಹುದು. ಪುಟ್ಟ ಪ್ಲವರ್ ಮುರಿದ ರೆಕ್ಕೆ ಎಳೆಯುತ್ತ ನಿಮ್ಮ ಮುಂದೆ ಓಡಿದರೆ ಅಯ್ಯೋ ಪಾಪ ಎಂದು ಹಿಡಿಯಲು ಹೋಗಬೇಡಿ. ರೆಕ್ಕೆಗೆ ಏನೂ ಆಗಿಲ್ಲ, ಗೂಡಿನಿಂದ ನಿಮ್ಮನ್ನು ದೂರ ಕರೆದೊಯ್ಯುವ ನಾಟಕ ಅದು. ಗೂಡಿನ ಫೋಟೊ ಬೇಡ, ಗೂಡಿನ ಜಾಗ ಊರಿಗೆಲ್ಲ ಹೇಳುವುದೂ ಬೇಡ. ನೀವು ಎದ್ದು ಹೋದ ಮೇಲೆ ಕಾಗೆ ಬಂದು ನೋಡುತ್ತದೆ. ಮೊಟ್ಟೆ, ಗೂಡು ಮುಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

ಸಾಮಾನ್ಯವಾಗಿ ಎಡವುವುದೆಲ್ಲಿ

ನಡೆಯುವುದು ದೊಡ್ಡ ತಪ್ಪು. ಮುಂದಿನ ತಿರುವಿನಲ್ಲಿ ಏನೋ ಇದೆ ಎಂದು ದಡ ಹಿಡಿದು ಹೋಗುತ್ತ ಎಲ್ಲ ಹಕ್ಕಿಯನ್ನೂ ಎಬ್ಬಿಸಿ ಮುಂದಿನ ತಿರುವಿಗೆ ಅಟ್ಟುತ್ತೇವೆ. ಹತ್ತಿರ ಹೋಗಲೇಬೇಕಾದರೆ ನೇರವಾಗಿ ಹೋಗಬೇಡಿ. ಬೇರೆ ಕಡೆ ಹೊರಟವರಂತೆ ಓರೆಯಾಗಿ ನಡೆದು, ಗುಂಪಿನಲ್ಲಿ ಎರಡು ಹಕ್ಕಿ ಮೇವು ಬಿಟ್ಟು ತಲೆ ಎತ್ತಿದರೆ ಅಲ್ಲೇ ನಿಂತುಬಿಡಿ. ದನಗಳ ಜೊತೆಗೆ, ಅವುಗಳ ವೇಗದಲ್ಲಿ ಸಾಗಿದರೆ ಇನ್ನೂ ಒಳ್ಳೆಯದು. ದನ ಕಾಯುವವರನ್ನು ಮಾತನಾಡಿಸಿ, ನಿನ್ನೆ ಎಲ್ಲಿ ಏನು ಕೂತಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ.

ನಾಯಿಗೆ ಬಿಸ್ಕತ್ತು ಹಾಕುವುದು ಇನ್ನೊಂದು. ನಾನು ಒಮ್ಮೆ ಹಾಕಿದೆ. ಅದು ಬೆಳಗೆಲ್ಲ ನನ್ನ ಮುಂದೆ ಮುಂದೆ ಓಡಿ, ಹೋದಲ್ಲೆಲ್ಲ ಕೆಸರಿಗಿಳಿದು ಹಕ್ಕಿ ಎಬ್ಬಿಸಿ, ಬಾಲ ಅಲ್ಲಾಡಿಸುತ್ತ ಶಹಬ್ಬಾಸ್ ಕೇಳಲು ಬರುತ್ತಿತ್ತು.

ಎಣಿಕೆಯಲ್ಲಿ 'ತುಂಬಾ ಇದ್ದವು' ಎಂದು ಬರೆಯಬೇಡಿ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ನೋಡಿಕೊಂಡು, ಅಂಥ ಎಷ್ಟು ತುಂಡು ಗುಂಪಿನಲ್ಲಿವೆ ಎಂದು ಎಣಿಸಿದರೆ ಸರಿಸುಮಾರು ಸಂಖ್ಯೆ ಸಿಗುತ್ತದೆ. ಆ ಪಟ್ಟಿಯನ್ನು ಇ-ಬರ್ಡ್ ಜಾಲತಾಣದಲ್ಲಿ ಹಾಕಬಹುದು. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಹದಿನೈದು ನಿಮಿಷದ ಪಟ್ಟಿಯೂ ನಡೆಯುತ್ತದೆ. ಶುರುಮಾಡಲು ಅದೊಂದು ನೆಪ.

ಎಚ್ಚರಿಕೆ

ಹಿನ್ನೀರಿನ ಕೆಸರು ನಂಬಿಕೆಗೆ ಅರ್ಹವಲ್ಲ. ಮೇಲೆ ಒಣಗಿ ಬಿರುಕು ಬಿಟ್ಟ ಹಪ್ಪಳ, ಕೆಳಗೆ ತೊಡೆಮಟ್ಟದ ಹೂಳು. ದನದ ಗೊರಸಿನ ಗುರುತು ಇರುವಲ್ಲಿ ಮಾತ್ರ ಕಾಲಿಡಿ, ಅದು ನಿಂತ ಕಡೆ ನೀವೂ ನಿಲ್ಲಿ. ಮಕ್ಕಳನ್ನು ಕರೆದೊಯ್ದಿದ್ದರೆ ಗರಿಕೆಯ ಪಟ್ಟಿ ದಾಟಲು ಬಿಡಬೇಡಿ. ಮೊಸಳೆ, ಆನೆ ಇವೆಯೇ ಎಂದು ಊರವರನ್ನು ಕೇಳದೆ ಯಾವ ಹಿನ್ನೀರಿಗೂ ಕತ್ತಲಲ್ಲಿ ಇಳಿಯಬೇಡಿ. ಭದ್ರಾ, ಕಬಿನಿಯಂಥ ಕಡೆ ದಡದ ಬಹುಭಾಗ ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಅಣೆಕಟ್ಟೆಯ ಬಳಿ ಕಾವಲಿನವರು ಕ್ಯಾಮೆರಾ ಬೇಡ ಎಂದರೆ ವಾದ ಮಾಡಬೇಡಿ. ತೆಪ್ಪ, ದೋಣಿ ಯಾವುದೇ ಆದರೂ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ.

ಮಲೆನಾಡಿನವರಿಗೆ ಹೇಳಬೇಕಿಲ್ಲ, ಹೊರಗಿನಿಂದ ಬರುವವರಿಗೆ ಹೇಳಲೇಬೇಕು: ಇದು ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರವನ್ನು ಹರಡುವುದು ಒಣ ತರಗಲೆಯಲ್ಲಿರುವ ಉಣುಗು. ಶಿವಮೊಗ್ಗ, ಚಿಕ್ಕಮಗಳೂರು ಕಡೆ ಕಾಡಂಚಿನಲ್ಲಿ ತರಗಲೆಯ ಮೇಲೆ ಕೂರಬೇಡಿ. ಪ್ಯಾಂಟನ್ನು ಕಾಲುಚೀಲದೊಳಕ್ಕೆ ಸೇರಿಸಿಕೊಳ್ಳಿ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈ ತಡವಿ ನೋಡಿ. ಮಂಗ ಸತ್ತಿರುವ ಸುದ್ದಿ ಇದ್ದ ಕಡೆಗೆ ಆ ವರ್ಷ ಹೋಗುವುದೇ ಬೇಡ. ಹಿಂತಿರುಗಿದ ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಭೇಟಿಯ ಮೇಲ್ಗಡೆ ಮೂರು ವಿಷಯ ಬರೆಯುವುದು ನನ್ನ ರೂಢಿ: ತಾರೀಕು, ಗಾಳಿಯ ದಿಕ್ಕು, ಅಂದಿನ ಪತ್ರಿಕೆಯ ನೀರಿನ ಮಟ್ಟ. ನಾಲ್ಕೈದು ವರ್ಷ ಬರೆದ ಮೇಲೆ ನಿಮ್ಮ ಜಲಾಶಯ ಯಾವ ಮಟ್ಟಕ್ಕೆ ಇಳಿದಾಗ ಯಾವ ತುದಿ ತೆರೆಯುತ್ತದೆ, ಯಾವ ವಾರ ಯಾವ ಹಕ್ಕಿ ಹೊರಡುತ್ತದೆ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ. ನನ್ನ ತುದಿಯಲ್ಲಿ ಹಳದಿ ಸಿಪಿಲೆಗಳು ಏಪ್ರಿಲ್ ಹೊತ್ತಿಗೆ ಒಂದು ದಿನ ಇರುತ್ತವೆ, ಮುಂದಿನ ಭಾನುವಾರ ಇರುವುದಿಲ್ಲ. ಅವು ಓಡಾಡುತ್ತಿದ್ದ ಪಟ್ಟಿಯಲ್ಲಿ ಆ ಹೊತ್ತಿಗೆ ಗರಿಕೆ ಎದ್ದು ದನಗಳು ಮೇಯುತ್ತಿರುತ್ತವೆ, ನೀರು ಇನ್ನೂ ನೂರು ಹೆಜ್ಜೆ ಹಿಂದಕ್ಕೆ ಹೋಗಿರುತ್ತದೆ. ಗೋಣಿಚೀಲ ಎತ್ತಿಕೊಂಡು ನಾನೂ ಅಷ್ಟು ಮುಂದಕ್ಕೆ ಹೋಗಿ ಕೂರುತ್ತೇನೆ.